ಸ್ಟ್ರೀಕ್ ನೂರು, ಮಾತು ಸೊನ್ನೆ

ಇಂಗ್ಲಿಷ್ ಕಲಿಯೋ ಆ್ಯಪಿನಲ್ಲಿ ನಿಮ್ಮ ಸ್ಟ್ರೀಕ್, ಅಂದ್ರೆ ಬಿಡದೆ ಪಾಠ ಮಾಡಿದ ದಿನಗಳ ಲೆಕ್ಕ, ನೂರು ದಾಟಿದೆ. ಇಂಟರ್‌ವ್ಯೂನಲ್ಲಿ 'ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್' ಅಂದ ಕೂಡ್ಲೇ ಗಂಟಲು ಕಟ್ಟುತ್ತೆ. ಯಾಕೆ?

ಸ್ಟ್ರೀಕ್ ನಡೆಯೋದೇ ಕಳ್ಕೊಳ್ಳೋ ಭಯದ ಮೇಲೆ. ಅದನ್ನ ಉಳಿಸ್ಕೊಳ್ಳೋಕೆ ಡ್ಯುಯೊಲಿಂಗೊ ಆ್ಯಪಿನಲ್ಲಿ 'ಸ್ಟ್ರೀಕ್ ಫ್ರೀಜ್' ಅಂತಲೇ ಒಂದು ಸೌಲಭ್ಯ ಇದೆ! ರಾತ್ರಿ ಹನ್ನೊಂದೂಮುಕ್ಕಾಲಿಗೆ, ಅರೆನಿದ್ದೇಲಿ, ಇರೋದ್ರಲ್ಲೇ ಸುಲಭದ ಪಾಠ ಒತ್ತಿ ಮುಗಿಸ್ತೀವಿ. ಹಾಜರಿ ಬಿತ್ತು, ಅಷ್ಟೇ. ಹಾಗಾದ್ರೆ ನಮ್ಮನ್ನ ನಿಜವಾಗಿ ಕಲಿಯೋಕೆ ಹಚ್ಚೋದು ಏನು?

ಹಂಗೇರಿ ಮೂಲದ ಭಾಷಾತಜ್ಞ ಜೋಲ್ತಾನ್ ಡೋರ್ನ್ಯೆಯಿ 2005ರಲ್ಲಿ ಭಾಷೆ ಕಲಿಯೋ ಪ್ರೇರಣೆಯನ್ನ ಮೂರು ಭಾಗ ಮಾಡಿದ್ರು. ಒಂದು, ಮುಂದೆ ನಾನು ಹೀಗೆ ಮಾತಾಡ್ತಿರಬೇಕು ಅನ್ನೋ ಸ್ವಂತ ಕನಸು. ಎರಡು, ಕಲೀಲಿಲ್ಲಾಂದ್ರೆ ಮನೇಲಿ ಏನಂತಾರೋ ಅನ್ನೋ ಒತ್ತಡ. ಮೂರನೇದು ಕಲಿಕೆಯ ಅನುಭವ: ಮೇಷ್ಟ್ರು, ಜೊತೆಯವರು, ಸಣ್ಣಪುಟ್ಟ ಗೆಲುವು.

ಆನ್‌ಲೈನ್ ಕಲಿಕೆ ಎಡವೋದು ಈ ಮೂರನೇದ್ರಲ್ಲಿ. ರೆಕಾರ್ಡ್ ಮಾಡಿದ ವಿಡಿಯೊ ಎಷ್ಟೇ ಚೆನ್ನಾಗಿರಲಿ, ನಿಮ್ಮ ತಪ್ಪು ಅದಕ್ಕೆ ಕೇಳಿಸಲ್ಲ. ಲೈವ್ ಕ್ಲಾಸಲ್ಲಿ ಎಲ್ಲರ ಕ್ಯಾಮೆರಾ ಆಫ್, ಮೈಕ್ ಮ್ಯೂಟ್. ಪಾಪ, ಮೇಷ್ಟ್ರದ್ದೂ ಗೋಡೆಗೆ ಪಾಠ ಹೇಳಿದ ಹಾಗೆ. ಅಲ್ಲಿ ಐದು ಸ್ಟಾರ್ ಕೊಟ್ಟು ಹೊರಬರೋರು ಮೆಚ್ಚಿರೋದು ಮೇಷ್ಟ್ರ ಇಂಗ್ಲಿಷನ್ನ, ತಮ್ಮದನ್ನಲ್ಲ. ಆ ಮೆಚ್ಚುಗೆಯನ್ನ ನಾನು ಕಲಿತ ತೃಪ್ತಿ ಅನ್ನಲ್ಲ. ನೀವು ತಡವರಿಸ್ತಾ ಹೇಳಿದ ಒಂದು ವಾಕ್ಯ ಎದುರಿನವರಿಗೆ ಅರ್ಥವಾಗಿ, ಅವರು ಉತ್ತರ ಕೊಟ್ರಲ್ಲ, ತೃಪ್ತಿ ಅದು. ನಾಳೆ ಮತ್ತೆ ಪಾಠಕ್ಕೆ ಕೂರಿಸೋದೂ ಅದೇ.

ಹಾಗಾಗಿ ಕೋರ್ಸಿಗೆ ದುಡ್ಡು ಕಟ್ಟೋ ಮುಂಚೆ ಕೇಳಿ: ವಾರಕ್ಕೆ ಎಷ್ಟು ನಿಮಿಷ ನಾನು ಮಾತಾಡ್ತೀನಿ? ತಿದ್ದೋರು ಯಾರು? ನೇರ ಉತ್ತರ ಬರದಿದ್ರೆ ದುಡ್ಡು ಜೇಬಲ್ಲೇ ಇರಲಿ.