ಜಾರುವುದನ್ನೇ ಕಲಿಸುವ ಅಂಗಳ

ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂತೆಂದರೆ ಸಿಂಧನೂರು ಸೀಮೆಯಲ್ಲಿ ನೆಲ್ಲಿನ ನಾಟಿ ಶುರು. ಗದ್ದೆಯಿಂದ ರಸ್ತೆಗೆ ಏರುವ ಟ್ರ್ಯಾಕ್ಟರ್‌ಗಳ ಗಾಲಿಗಂಟಿದ ಎರೆಮಣ್ಣು ಡಾಂಬರಿನ ಮೇಲೆ ಉದುರುತ್ತದೆ. ನಾಲ್ಕು ಹನಿ ಮಳೆ ಬಿದ್ದರೆ ಅದೇ ರಾಡಿ. ಸಿಂಧನೂರಿನಿಂದ ಮಸ್ಕಿ ಮೇಲೆ ಲಿಂಗಸುಗೂರಿಗೆ ಹೋಗುವ 150ಎ ಹೆದ್ದಾರಿಯಲ್ಲಿ ಓಡುವ ಕಾರುಗಳೇನು ಸಣ್ಣವಲ್ಲ. 2.8 ಲೀಟರ್ ಡೀಸೆಲ್ ಫಾರ್ಚೂನರ್ ಆಟೊಮ್ಯಾಟಿಕ್‌ನ ಟಾರ್ಕ್ 500 ನ್ಯೂಟನ್ ಮೀಟರ್. ಇಷ್ಟು ಬಲವನ್ನು ನೆಲಕ್ಕೆ ಮುಟ್ಟಿಸಬೇಕಾದ್ದು ಒಂದೊಂದು ಟೈರಿನಡಿಯ ಅಂಗೈಯಗಲದ ರಬ್ಬರು.

ಆ ಹಿಡಿತ ತಪ್ಪಿದಾಗ ಏನು ಮಾಡಬೇಕೆಂದು ಕಲಿಸುವ ಜಾಗಕ್ಕೆ ಸ್ಕಿಡ್ ಪ್ಯಾನ್ ಎನ್ನುತ್ತಾರೆ. ನುಣುಪಾದ ನೆಲ, ಮೇಲೆ ಸದಾ ನೀರು, ಸುತ್ತ ಗುದ್ದಲು ಏನೂ ಇಲ್ಲದ ಬಯಲು, ಅಷ್ಟೇ. ಲಂಡನ್ನಿನ ಬಸ್ ಚಾಲಕರು ಚಿಸ್ವಿಕ್‌ನ ಇಂಥ ಅಂಗಳದಲ್ಲಿ ಡಬಲ್ ಡೆಕರ್‌ಗಳನ್ನು ಬೇಕೆಂದೇ ಜಾರಿಸಿ ಕಲಿಯುತ್ತಿದ್ದರು. ಸ್ವೀಡನ್ನಿನವರು ಇನ್ನೂ ಸುಲಭದ ದಾರಿ ಹುಡುಕಿದರು: ಕಾರಿಗೆ ಪುಟ್ಟ ಗಾಲಿಗಳ ಚೌಕಟ್ಟು ಕಟ್ಟಿ, ಶಿಕ್ಷಕರು ಗುಂಡಿ ಒತ್ತಿದಾಗ ಟೈರಿನ ಮೇಲಿನ ಭಾರ ಕಡಿಮೆಯಾಗುವಂತೆ ಮಾಡಿದರು. ಆಗ ಒಣ ನೆಲದಲ್ಲೇ, ಕಡಿಮೆ ವೇಗದಲ್ಲೇ ಕಾರು ಜಾರುತ್ತದೆ. ನಮ್ಮ ದೇಶದಲ್ಲಿ ಇಂದೋರ್ ಬಳಿಯ ಪೀಥಮ್‌ಪುರದ ನ್ಯಾಟ್ರ್ಯಾಕ್ಸ್ ಎಂಬ ಕೇಂದ್ರದಲ್ಲಿ ಒದ್ದೆ ಸ್ಕಿಡ್ ಅಂಗಳವಿದೆ. ಆದರೆ ಅದು ಮುಖ್ಯವಾಗಿ ವಾಹನಗಳ ಪರೀಕ್ಷೆಗೆ.

ಪಾಠ ಹೀಗೆ. ಹಿಂಗಾಲಿಗೆ ಬಲವಿರುವ ಕಾರನ್ನು ತಿರುವಿನಲ್ಲಿ ಜೋರಾಗಿ ಒತ್ತಿದರೆ ಹಿಂಭಾಗ ಹೊರಕ್ಕೆ ಸರಿಯುತ್ತದೆ. ಆಕ್ಸಿಲರೇಟರ್ ಮೆಲ್ಲಗೆ ಬಿಡಬೇಕು, ಹಿಂಭಾಗ ಸರಿದ ಕಡೆಗೇ ಸ್ಟೇರಿಂಗ್ ತಿರುಗಿಸಬೇಕು, ಹಿಡಿತ ಮರಳುತ್ತಿದ್ದಂತೆ ನೇರ ಮಾಡಬೇಕು. ನೇರ ಮಾಡುವುದು ತಡವಾದರೆ ಕಾರು ಎದುರು ದಿಕ್ಕಿಗೆ ಜಾರುತ್ತದೆ. ಮುಂಗಾಲಿ ಜಾರಿದರೆ ಇನ್ನಷ್ಟು ತಿರುಗಿಸಬೇಕೆಂದು ಕೈ ಹಾತೊರೆಯುತ್ತದೆ. ಆಗ ತಿರುವು ಸಡಿಲಿಸಿ ವೇಗ ಇಳಿಸಬೇಕು. ಕಣ್ಣು ಮಾತ್ರ ಹೋಗಬೇಕಾದ ದಾರಿಯ ಮೇಲೇ ಇರಬೇಕು, ಎದುರಿನ ಜಾಲಿ ಗಿಡದ ಮೇಲಲ್ಲ.

ಇಷ್ಟು ಕಲಿತವನೇ ಅಪಾಯಕಾರಿ ಎಂಬುದು ನಾರ್ವೆಯ ಅನುಭವ. 1980ರ ದಶಕದಲ್ಲಿ ಅಲ್ಲಿ ಜಾರು ರಸ್ತೆಯ ತರಬೇತಿ ಪಡೆದ ಯುವಕರ ಅಪಘಾತಗಳು ಇಳಿಯುವ ಬದಲು ಹೆಚ್ಚಿದವು. ‘ನನಗೆ ಬರುತ್ತದೆ’ ಎಂಬ ಧೈರ್ಯವೇ ಮುಳುವಾಗಿತ್ತು. ಆಮೇಲೆ ಪಾಠದ ಗುರಿ ಬದಲಾಯಿತು: ಕಾರನ್ನು ಉಳಿಸಿಕೊಳ್ಳುವ ಚಮತ್ಕಾರಕ್ಕಿಂತ, ಹಿಡಿತ ಎಷ್ಟು ಬೇಗ ಕೈಬಿಡುತ್ತದೆಂದು ಮೈಗೆ ಗೊತ್ತಾಗಿಸುವುದು. ವೇಗ ಇಮ್ಮಡಿಯಾದರೆ ಬ್ರೇಕ್ ಹಾಕಿದ ಮೇಲೆ ಕಾರು ಓಡುವ ದೂರ ನಾಲ್ಮಡಿ. ಈ ಲೆಕ್ಕವನ್ನು ಬ್ರೇಕ್ ಹಾಕಿದಾಗ ಗಾಲಿ ಕಚ್ಚಿ ನಿಲ್ಲದಂತೆ ನೋಡಿಕೊಳ್ಳುವ ಎಬಿಎಸ್ ಆಗಲಿ, ಕಾರು ಅಡ್ಡ ಜಾರದಂತೆ ತಡೆಯುವ ಇಎಸ್‌ಸಿ ಆಗಲಿ ಬದಲಿಸಲಾರವು.

2021ರ ಜುಲೈನಿಂದ ಜಾರಿಯಲ್ಲಿರುವ ಕೇಂದ್ರದ ನಿಯಮದಂತೆ ಮಾನ್ಯತೆ ಪಡೆದ ಚಾಲನಾ ತರಬೇತಿ ಕೇಂದ್ರಕ್ಕೆ ಸಿಮ್ಯುಲೇಟರ್, ಸ್ವಂತ ಟ್ರ್ಯಾಕ್ ಇರಬೇಕು. ಲಘು ವಾಹನಕ್ಕೆ 29 ಗಂಟೆಯ ಪಾಠ. ರಾಯಚೂರು ಜಿಲ್ಲೆಯಲ್ಲಿ ಅಂಥ ಕೇಂದ್ರ ಕಟ್ಟುವವರು ಮೂಲೆಯಲ್ಲೊಂದು ಒದ್ದೆ ಅಂಗಳವನ್ನೂ ಸೇರಿಸಿಕೊಳ್ಳಲಿ. ಅಲ್ಲಿಯವರೆಗೆ ಕಾರಿನವರು ಟೈರಿನ ಹಲ್ಲು 1.6 ಮಿಲಿಮೀಟರಿಗೆ ಸವೆಯುವ ಮೊದಲೇ ಬದಲಿಸಲಿ, ಟ್ರ್ಯಾಕ್ಟರಿನವರು ಗಾಲಿಯ ರಾಡಿ ಕೆರೆದು ರಸ್ತೆಗೆ ಬರಲಿ.