ಚಾಲಗೇಣಿಯ ಸಂಬಳ, ಮೂಲಗೇಣಿಯ ನೆಮ್ಮದಿ

ಜಯನಗರದ ಪರಿಚಿತರೊಬ್ಬರ ಮನೆಯಲ್ಲಿ ಈಚೆಗೆ ಒಂದು ಸಂಜೆಯಿಡೀ ಕೂಡಿ ಕಳೆಯುವ ಲೆಕ್ಕವೇ ನಡೆಯಿತು. ಅವರ ಮಗ ಅಮೆರಿಕದ ಸಿಯಾಟಲ್‌ನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ವರ್ಷಕ್ಕೆ 1,60,000 ಡಾಲರ್ ಸಂಬಳ. ಈಗ ಟೊರಾಂಟೊದ ಕಂಪನಿಯೊಂದು 1,20,000 ಕೆನಡಾ ಡಾಲರ್‌ಗೆ ಅವನನ್ನು ಕರೆದಿದೆ. ಕೆನಡಾದ ಡಾಲರು ಅಮೆರಿಕದ ಡಾಲರಿನ ಮುಕ್ಕಾಲು ಪಾಲಿಗಿಂತಲೂ ತುಸು ಕಡಿಮೆ ಬಾಳುವುದರಿಂದ, ಹೊಸ ಸಂಬಳ ಹಳೆಯದರ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. ಆದರೆ ಕೆನಡಾದಲ್ಲಿ ಕಾಯಂ ಆಗಿ ನೆಲೆಸುವ ಅನುಮತಿ ಆಗಲೇ ಅವನ ಕೈಸೇರಿದೆ. ಅಮೆರಿಕದಲ್ಲಿ ಅವನು ಹತ್ತು ವರ್ಷ ದುಡಿದ ಮೇಲೂ ಎಚ್-1ಬಿ ವೀಸಾದ ಮೇಲೆಯೇ ಇದ್ದಾನೆ. ‘ಇಷ್ಟು ಓದಿ, ಇಷ್ಟು ದುಡಿದು, ಕೊನೆಗೆ ಅರ್ಧ ಸಂಬಳಕ್ಕೆ ಇಳಿಯುವುದು ಯಾವ ಜಾಣತನ?’ ಎಂಬುದು ತಂದೆಯ ಪ್ರಶ್ನೆ.

ಪ್ರಶ್ನೆ ನ್ಯಾಯವಾದದ್ದೇ. ಲೆಕ್ಕ ಬರೆದ ರೀತಿಯಲ್ಲಿ ಮಾತ್ರ ಒಂದು ಕಲಂ ಬಿಟ್ಟುಹೋಗಿದೆ. ಅದನ್ನು ವಿವರಿಸಲು ನಮ್ಮ ಕರಾವಳಿಯ ಎರಡು ಹಳೆಯ ಪದಗಳು ಸಾಕು: ಚಾಲಗೇಣಿ ಮತ್ತು ಮೂಲಗೇಣಿ. ಮೂಲಗೇಣಿಯ ಒಕ್ಕಲು ಗೊತ್ತುಪಡಿಸಿದ ಗೇಣಿ ಕೊಡುತ್ತಿರುವವರೆಗೆ ಅವನನ್ನು ಎಬ್ಬಿಸುವಂತಿರಲಿಲ್ಲ. ಹಕ್ಕು ಮಕ್ಕಳಿಗೂ ಇಳಿಯುತ್ತಿತ್ತು. ಚಾಲಗೇಣಿಯವನಾದರೋ ಧಣಿಯ ಮರ್ಜಿ ಇದ್ದಷ್ಟು ಕಾಲದ ಒಕ್ಕಲು. ಇಬ್ಬರ ಗದ್ದೆಗಳೂ ಅಕ್ಕಪಕ್ಕದಲ್ಲಿರಬಹುದು, ಚಾಲಗೇಣಿಯವನದೇ ಹೆಚ್ಚು ಫಲವತ್ತಾಗಿರಬಹುದು. ಆದರೂ ಇಬ್ಬರ ಸ್ಥಿತಿ ಒಂದೇ ಎಂದು ಊರಿನಲ್ಲಿ ಯಾರೂ ಹೇಳುತ್ತಿರಲಿಲ್ಲ. 1974ರ ಭೂಸುಧಾರಣೆಯ ವೇಳೆ ಡಿಕ್ಲರೇಷನ್ ಹಾಕಲು ನಮ್ಮ ಗೇಣಿದಾರರು ಸಾಲುಗಟ್ಟಿ ನಿಂತದ್ದು ಹೆಚ್ಚಿನ ಫಸಲಿಗಾಗಿ ಅಲ್ಲ, ಅದೇ ನೆಲದ ಮೇಲಿನ ಭದ್ರ ಹಕ್ಕಿಗಾಗಿ.

ಎಚ್-1ಬಿ ಎಂಬುದು ನಮ್ಮ ಕಾಲದ ಚಾಲಗೇಣಿ. 1990ರ ಅಮೆರಿಕದ ವಲಸೆ ಕಾಯ್ದೆಯಿಂದ ಹುಟ್ಟಿದ ಈ ವೀಸಾಕ್ಕೆ ಅರ್ಜಿ ಹಾಕುವವನು ನೌಕರನಲ್ಲ, ಮಾಲೀಕ. ಮೊದಲು ಮೂರು ವರ್ಷ, ಮತ್ತೆ ಮೂರು ವರ್ಷ. ಅಷ್ಟರೊಳಗೆ ಕಂಪನಿಯು ಗ್ರೀನ್ ಕಾರ್ಡ್‌ಗೆ ಅರ್ಜಿ ಹಾಕಿ ಅದರ ಮೊದಲ ಘಟ್ಟ ಮಂಜೂರಾಗಿದ್ದರೆ, 2000ದ ಕಾನೂನಿನ ಪ್ರಕಾರ ವೀಸಾವನ್ನು ಆರು ವರ್ಷದ ಆಚೆಗೂ ಮತ್ತೆಮತ್ತೆ ವಿಸ್ತರಿಸಿಕೊಳ್ಳಬಹುದು. ಬೇರೆ ಕಂಪನಿಗೆ ಹೋಗಲು ಅಡ್ಡಿಯಿಲ್ಲ. ಆದರೆ ಆ ಕಂಪನಿ ಹೊಸದಾಗಿ ಅರ್ಜಿ ಹಾಕಬೇಕು. ಅಂದರೆ ಧಣಿಯನ್ನು ಬದಲಿಸಬಹುದು, ಧಣಿಯೇ ಇಲ್ಲದೆ ಇರುವಂತಿಲ್ಲ.

ಹಾಗಾದರೆ ಗ್ರೀನ್ ಕಾರ್ಡ್ ಬರುವವರೆಗೆ ಕಾದರಾಯಿತಲ್ಲ ಎನ್ನಬಹುದು. ತೊಡಕಿರುವುದೇ ಅಲ್ಲಿ. ಉದ್ಯೋಗದ ಆಧಾರದ ಮೇಲೆ ಅಮೆರಿಕ ವರ್ಷಕ್ಕೆ ಕೊಡುವ ಗ್ರೀನ್ ಕಾರ್ಡ್‌ಗಳು ಸುಮಾರು 1,40,000. ಹೆಂಡತಿ, ಗಂಡ, ಮಕ್ಕಳೆಲ್ಲ ಆ ಸಂಖ್ಯೆಯೊಳಗೇ ಸೇರಬೇಕು. ಅದರಲ್ಲಿ ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ಶೇಕಡಾ 7ರ ಮಿತಿ. ನೂರನಲವತ್ತು ಕೋಟಿ ಜನರ ಭಾರತಕ್ಕೂ ಲಕ್ಷಗಳಲ್ಲಿ ಎಣಿಸಬಹುದಾದ ಜನಸಂಖ್ಯೆಯ ಐಸ್‌ಲೆಂಡ್‌ಗೂ ಒಂದೇ ಅಳತೆ. ಇತರರು ಬಳಸದೆ ಉಳಿದ ಪಾಲು ಕೆಲವು ವರ್ಷ ನಮ್ಮವರಿಗೆ ಹರಿದು ಬಂದದ್ದುಂಟು. ಆದರೆ ಸಾಲು ಅದರಿಂದ ಕರಗಿಲ್ಲ. ಸ್ನಾತಕೋತ್ತರ ಪದವೀಧರರ ವರ್ಗದಲ್ಲಿ 2025ರ ಮಧ್ಯಭಾಗಕ್ಕೆ ಸರದಿ ಬಂದಿದ್ದುದು 2013ರ ಜನವರಿ 1ಕ್ಕಿಂತ ಮೊದಲು ಅರ್ಜಿ ಹಾಕಿದ್ದ ಭಾರತೀಯರಿಗೆ. ಹನ್ನೆರಡು ವರ್ಷದ ಹಿಂದಿನವರ ಸರದಿ ಅದು. ಅವರ ನಂತರ ಬಂದು ಸೇರಿದವರು ಅವರಿಗಿಂತ ಎಷ್ಟೋ ಹೆಚ್ಚು.

ಈ ಕಾಯುವಿಕೆಯ ಬೆಲೆಯನ್ನು ಸಂಬಳದ ಚೀಟಿ ತೋರಿಸುವುದಿಲ್ಲ. ಕೆಲಸ ಹೋದರೆ ದೊರೆಯುವ ಅವಕಾಶ ಹೆಚ್ಚೆಂದರೆ 60 ದಿನ. ಅದೂ 2017ರಲ್ಲಿ ಬಂದ ನಿಯಮದ ಕೃಪೆ. 2022ರ ನವೆಂಬರ್‌ನಲ್ಲಿ ಮೆಟಾ 11,000 ಮಂದಿಯನ್ನು, 2023ರ ಜನವರಿಯಲ್ಲಿ ಗೂಗಲ್ 12,000 ಮಂದಿಯನ್ನು ಮನೆಗೆ ಕಳಿಸಿದಾಗ, ಕೆಲಸ ಕಳೆದುಕೊಂಡ ಅಮೆರಿಕನ್ನನಿಗೆ ಎದುರಾದದ್ದು ಸಂಬಳದ ಚಿಂತೆ. ಅದೇ ಕೊಠಡಿಯಲ್ಲಿ ಕುಳಿತಿದ್ದ ಭಾರತೀಯನಿಗೆ ಸಂಬಳ, ಮನೆ, ಮಗುವಿನ ಶಾಲೆ ಮೂರೂ ಒಂದೇ ದಿನ ಪ್ರಶ್ನೆಯಾದವು. ಮಕ್ಕಳಿಗೆ 21 ತುಂಬಿದರೆ ಅವರು ಅವಲಂಬಿತರ ಪಟ್ಟಿಯಿಂದ ಹೊರಗೆ. 2002ರ ಕಾನೂನೊಂದು ಕೆಲವರಿಗೆ ರಿಯಾಯಿತಿ ಕೊಟ್ಟಿದೆಯಾದರೂ ಎಲ್ಲರಿಗೂ ಅಲ್ಲ. ಎರಡು ವರ್ಷದ ಕೂಸಾಗಿ ಹೋಗಿ ಅಲ್ಲಿಯೇ ಬೆಳೆದ ಮಗು, ಇಪ್ಪತ್ತೊಂದರ ಹುಟ್ಟುಹಬ್ಬದಂದು ಹೊಸ ವೀಸಾ ಹುಡುಕಬೇಕಾಗಬಹುದು.

2025ರಲ್ಲಿ ನಡೆದದ್ದು ಇನ್ನೂ ಹಸಿಯಾಗಿದೆ. ಸೆಪ್ಟೆಂಬರ್ 19ರಂದು ಹೊಸ ಎಚ್-1ಬಿ ಅರ್ಜಿಗಳ ಮೇಲೆ 1,00,000 ಡಾಲರ್ ಶುಲ್ಕದ ಘೋಷಣೆ ಹೊರಟಿತು. ರಜೆಗೆಂದು ಊರಿಗೆ ಬಂದಿದ್ದವರು ಅರ್ಧಕ್ಕೇ ಗಂಟುಮೂಟೆ ಕಟ್ಟಿ ವಿಮಾನ ಹತ್ತಿದರು. ಈಗಾಗಲೇ ವೀಸಾ ಇರುವವರಿಗೆ ಇದು ಅನ್ವಯಿಸದು ಎಂಬ ಸ್ಪಷ್ಟನೆ ಬಂದದ್ದು ಮಾರನೆಯ ದಿನ. ಡಿಸೆಂಬರ್‌ನಲ್ಲಿ ಹೊಸ ತಪಾಸಣೆಯ ಕಾರಣಕ್ಕೆ ಭಾರತದಲ್ಲಿನ ವೀಸಾ ಸಂದರ್ಶನಗಳು ತಿಂಗಳುಗಟ್ಟಲೆ ಮುಂದಕ್ಕೆ ಹೋಗಿ, ವೀಸಾ ಮುದ್ರೆಗೆಂದು ಬಂದವರು ಇಲ್ಲೇ ಉಳಿದರು. ತಾಯಿಗೆ ಕಾಯಿಲೆಯೆಂಬ ಕರೆ ಬಂದಾಗ ‘ಹೊರಟರೆ ಮರಳಲು ಆದೀತೇ?’ ಎಂದು ಮಗ ಲೆಕ್ಕ ಹಾಕಬೇಕಾಗಿ ಬರುವುದು ಎಷ್ಟು ಡಾಲರಿನ ನಷ್ಟ ಎಂದು ಯಾರು ಬರೆದಾರು?

ಟೊರಾಂಟೊದ ಪತ್ರ ಇದಕ್ಕೆ ಪ್ರತಿಯಾಗಿ ಏನು ಕೊಡುತ್ತದೆ? ಕೆನಡಾ 1967ರಿಂದ ವಿದ್ಯೆ, ವಯಸ್ಸು, ಭಾಷೆ, ಅನುಭವಗಳಿಗೆ ಅಂಕ ಕೊಟ್ಟು ವಲಸಿಗರನ್ನು ಆರಿಸುತ್ತ ಬಂದಿದೆ. 2015ರಿಂದ ಈ ಆಯ್ಕೆ ‘ಎಕ್ಸ್‌ಪ್ರೆಸ್ ಎಂಟ್ರಿ’ ಎಂಬ ವ್ಯವಸ್ಥೆಯಲ್ಲಿ ನಡೆಯುತ್ತಿದೆ. ಇಲ್ಲಿ ಕಾಯಂ ನಿವಾಸದ ಹಕ್ಕು ವ್ಯಕ್ತಿಯ ಹೆಸರಿಗೆ ಬರುತ್ತದೆ, ಕಂಪನಿಯ ಹೆಸರಿಗಲ್ಲ. ಕೆಲಸ ಹೋದರೂ ದೇಶ ಬಿಡಬೇಕಿಲ್ಲ. ಗಂಡನೋ ಹೆಂಡತಿಯೋ ಯಾರ ಅಪ್ಪಣೆಯಿಲ್ಲದೆ ದುಡಿಯಬಹುದು. ಅಮೆರಿಕದಲ್ಲಿ ಎಚ್-1ಬಿ ನೌಕರರ ಸಂಗಾತಿಗಳ ಪೈಕಿ ಕೆಲವರಿಗೆ ಮಾತ್ರ ಈ ಅನುಮತಿ ಸಿಕ್ಕಿದ್ದು 2015ರಲ್ಲಿ. ಐದು ವರ್ಷದಲ್ಲಿ 730 ದಿನ ಅಲ್ಲಿದ್ದರೆ ಕಾಯಂ ನಿವಾಸ ಉಳಿಯುತ್ತದೆ, 1,095 ದಿನ ಇದ್ದರೆ ಪೌರತ್ವಕ್ಕೆ ಅರ್ಜಿ ಹಾಕಬಹುದು. ಹೆಂಡತಿಯ ಸಂಬಳವೊಂದು ಕೂಡಿಕೊಂಡರೆ ‘ಅರ್ಧ ಸಂಬಳ’ದ ಲೆಕ್ಕವೇ ಬದಲಾಗುತ್ತದೆ.

ದೂರದ ಬೆಟ್ಟ ನುಣ್ಣಗೆ ಎಂಬುದನ್ನೂ ಮರೆಯಬಾರದು. ಟೊರಾಂಟೊ, ವ್ಯಾಂಕೂವರ್‌ಗಳಲ್ಲಿ ಮನೆಯ ಬೆಲೆ ಕೈಗೆಟುಕದಷ್ಟಿದೆ. ಸರ್ಕಾರಿ ವಿಮೆಯಲ್ಲಿ ಆಸ್ಪತ್ರೆಯ ಖರ್ಚು ತಪ್ಪುತ್ತದೆ, ತಜ್ಞ ವೈದ್ಯರಿಗಾಗಿ ಕಾಯುವುದು ತಪ್ಪುವುದಿಲ್ಲ. ಊರಿನಲ್ಲಿ ಸಾಲ ತೀರಿಸಬೇಕಾದವನಿಗೆ, ತಂಗಿಯ ಓದಿಗೆ ಹಣ ಕಳಿಸಬೇಕಾದವನಿಗೆ ಅರ್ಧ ಸಂಬಳವೆಂದರೆ ನಿಜವಾಗಿಯೂ ಅರ್ಧವೇ. ಇಪ್ಪತ್ತಾರರ ಒಂಟಿ ತರುಣ ನಾಲ್ಕು ವರ್ಷ ಅಮೆರಿಕದಲ್ಲಿ ದುಡಿದು, ಉಳಿಸಿ, ಮರಳುವ ಸಂಕಲ್ಪದಿಂದ ಹೊರಟಿದ್ದರೆ ಚಾಲಗೇಣಿಯೇ ಅವನಿಗೆ ಸರಿ. ಭದ್ರತೆಗೆ ಬೆಲೆ ತೆರಬೇಕಾದವನು ಬೇರೂರಲು ಬಯಸುವವನು ಮಾತ್ರ.

ಭದ್ರತೆಯ ಹೆಸರಿನಲ್ಲಿ ಸಿಗುವುದೆಲ್ಲ ಭದ್ರತೆಯೂ ಅಲ್ಲ. ಬ್ರಿಟನ್ ಇದಕ್ಕೆ ಒಳ್ಳೆಯ ಪಾಠ. 2006ರಲ್ಲಿ ಅದು ಕಾಯಂ ನೆಲೆಗೆ ಬೇಕಾದ ಅವಧಿಯನ್ನು ನಾಲ್ಕು ವರ್ಷದಿಂದ ಐದಕ್ಕೇರಿಸಿ, ಆಗಲೇ ಅಲ್ಲಿದ್ದ ನುರಿತ ವಲಸಿಗರಿಗೂ ಅನ್ವಯಿಸಿತು. ಅವರು ನ್ಯಾಯಾಲಯದ ಮೆಟ್ಟಿಲೇರಿ 2009ರಲ್ಲಿ ಗೆಲ್ಲಬೇಕಾಯಿತು. 2025ರಲ್ಲಿ ಅದೇ ದೇಶ ಐದು ವರ್ಷವನ್ನು ಹತ್ತಕ್ಕೇರಿಸುವ ಪ್ರಸ್ತಾವವನ್ನು ಮುಂದಿಟ್ಟಿತು, ಅದೂ ಈಗಾಗಲೇ ಬಂದು ದುಡಿಯುತ್ತಿರುವವರನ್ನು ಸೇರಿಸಿಕೊಂಡು. ಕೆನಡಾ ಕೂಡ 2023ರ ಜುಲೈನಲ್ಲಿ ಎಚ್-1ಬಿ ನೌಕರರಿಗೆಂದೇ 10,000 ಕೆಲಸದ ಪರವಾನಗಿಗಳ ಬಾಗಿಲು ತೆರೆದು, ಎರಡು ದಿನದೊಳಗೆ ತುಂಬಿಸಿಕೊಂಡಿತು. ಮರುವರ್ಷವೇ ಅದು 2025ರ ಕಾಯಂ ವಲಸಿಗರ ಗುರಿಯನ್ನು 5,00,000ದಿಂದ 3,95,000ಕ್ಕೆ ಇಳಿಸಿತು. ಬರೀ ಪರವಾನಗಿ ಹಿಡಿದು ಹೋದವರ ದಾರಿ ಇದರಿಂದ ಕಿರಿದಾಯಿತು. ಕಾಯಂ ನಿವಾಸ ಕೈಯಲ್ಲಿದ್ದವರ ಹಕ್ಕು ಹಾಗೆಯೇ ಉಳಿಯಿತು. ಕೈಯಲ್ಲಿರುವ ಹಕ್ಕುಪತ್ರಕ್ಕೂ ಮುಂದೆಂದೋ ಕೊಡುವೆನೆಂಬ ಮಾತಿಗೂ ಇರುವ ಅಂತರ ಇದು. ಜರ್ಮನಿಯ ಬ್ಲೂ ಕಾರ್ಡ್ ಇವೆರಡರ ನಡುವಿನದು: ಅಲ್ಲಿ 27 ತಿಂಗಳು ದುಡಿದರೆ, ಜರ್ಮನ್ ಭಾಷೆಯನ್ನು ಸಾಕಷ್ಟು ಕಲಿತಿದ್ದರೆ 21 ತಿಂಗಳಿಗೇ, ಕಾಯಂ ನೆಲೆ ಕೇಳಬಹುದು. ಮಾತು ಮಾತೇ ಆದರೂ ವಾಯಿದೆ ಚಿಕ್ಕದು.

ಇದೇ ಸರಕು ಅಮೆರಿಕದೊಳಗೆ ಇನ್ನೊಂದು ರೂಪದಲ್ಲಿ ಮಾರಾಟವಾಗುತ್ತದೆ. ‘ಸಂಬಳ ಕಡಿಮೆ, ಆದರೆ ಗ್ರೀನ್ ಕಾರ್ಡ್‌ಗೆ ಅರ್ಜಿ ಹಾಕಿಸುತ್ತೇವೆ’ ಎನ್ನುವ ಕಂಪನಿಗಳುಂಟು. ಅರ್ಜಿಯ ದಿನಾಂಕ ಬೇಗ ಸಿಗುವುದೇನೋ ಲಾಭವೇ. ಮೊದಲ ಘಟ್ಟ ಮಂಜೂರಾದ ಮೇಲೆ ಬೇರೆ ಕಂಪನಿಗೆ ಹೋದರೂ ಸಾಮಾನ್ಯವಾಗಿ ಆ ದಿನಾಂಕ ಉಳಿಯುತ್ತದೆ. ಆದ್ದರಿಂದ ಅಷ್ಟರ ಮಟ್ಟಿಗೆ ಕಡಿಮೆ ಸಂಬಳ ಒಪ್ಪಬಹುದು. ಅದರಾಚೆಗೂ ಸರದಿಯ ಭರವಸೆಯಲ್ಲಿ ಹತ್ತು ವರ್ಷ ಅದೇ ಕುರ್ಚಿಗೆ ಅಂಟಿಕೊಂಡರೆ, ಸಂಬಳವನ್ನೂ ಬಿಟ್ಟಂತಾಯಿತು, ಭದ್ರತೆಯನ್ನೂ ಪಡೆಯದಂತಾಯಿತು.

ಆದಕಾರಣ ಕಡಿಮೆ ಸಂಬಳದ ಪತ್ರ ಬಂದಾಗ ಕೇಳಬೇಕಾದ್ದು ಮೂರು ಪ್ರಶ್ನೆ. ನೆಲೆಸುವ ಹಕ್ಕು ಯಾರ ಹೆಸರಿನಲ್ಲಿದೆ, ನನ್ನದೋ ಮಾಲೀಕನದೋ? ಅದು ಇಂದೇ ಕೈಯಲ್ಲಿದೆಯೋ, ಭರವಸೆಯೋ. ಭರವಸೆಯಾದರೆ ಎಷ್ಟು ವರ್ಷದ್ದು? ನನ್ನ ಜೊತೆಗೆ ಯಾರ ಬದುಕು ಇದಕ್ಕೆ ಕಟ್ಟುಬಿದ್ದಿದೆ? ಬೆಂಗಳೂರನ್ನೂ ಇದೇ ತಕ್ಕಡಿಯಲ್ಲಿ ಇಟ್ಟು ತೂಗಬೇಕು. ಯಾವ ಕಚೇರಿಯ ಮುದ್ರೆಯೂ ಬೇಡದ, ಯಾರೂ ಹಿಂದಕ್ಕೆ ಪಡೆಯಲಾಗದ ಹಕ್ಕು ನಮ್ಮವರಿಗಿರುವುದು ಇಲ್ಲಿ. ಬೇರೆ ದೇಶದ ಪೌರತ್ವ ಪಡೆದ ದಿನ ಭಾರತದ ಪೌರತ್ವ ಹೋಗುತ್ತದೆ. ಸಾಗರೋತ್ತರ ಭಾರತೀಯರ ಕಾರ್ಡು ಸಿಕ್ಕರೂ ಮತದಾನದ ಹಕ್ಕು ಅದರಲ್ಲಿಲ್ಲ. ಭದ್ರತೆಗೆ ತೆರುವ ಬೆಲೆಯಲ್ಲಿ ಅದೂ ಒಂದು ಬಾಬತ್ತು.

ಜಯನಗರದ ಆ ಮನೆಯ ಮಗನಿಗೆ ಹೆಂಡತಿಯಿದ್ದಾಳೆ, ಎಂಟು ವರ್ಷದ ಮಗಳಿದ್ದಾಳೆ. ಮೂರೂ ಪ್ರಶ್ನೆಗಳಿಗೆ ಅವನ ಉತ್ತರ ಟೊರಾಂಟೊದ ಕಡೆಗೇ ವಾಲುತ್ತದೆ. ತಂದೆ ತೀರ್ಥಹಳ್ಳಿಯ ಕಡೆಯವರು, ಅಡಿಕೆ ಬಲ್ಲವರು. ಚಾಲಗೇಣಿಯವರು ಸಾಮಾನ್ಯವಾಗಿ ಬತ್ತ ಬೆಳೆಯುತ್ತಿದ್ದರೇ ಹೊರತು ಅಡಿಕೆ ಸಸಿ ನೆಡಲು ಹಿಂಜರಿಯುತ್ತಿದ್ದರು. ಫಸಲು ಕೈಗೆ ಬರಲು ವರ್ಷಗಳೇ ಬೇಕು, ಅಷ್ಟರಲ್ಲಿ ಗದ್ದೆ ಯಾರದಾಗಿರುತ್ತದೋ ಎಂಬ ಅಳುಕು. ಇದನ್ನು ನೆನಪಿಸಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮೊಮ್ಮಗಳಿಗೆ ಇಪ್ಪತ್ತೊಂದು ತುಂಬುವುದು ಯಾವ ವರ್ಷ ಎಂದು ಬೆರಳು ಮಡಿಸಿ ಎಣಿಸತೊಡಗಿದರು.