ಕಪಾಟಿನ ಬಾಗಿಲು ಹಾಕುವ ಮೊದಲು



1980ರ ದಶಕದಲ್ಲಿ ಟಿ.ವಿ. ಕೊಂಡವರಿಗೆ ನೆನಪಿರಬಹುದು. ಮರದ ಪೆಟ್ಟಿಗೆ, ಅದಕ್ಕೆ ಎರಡೂ ಬದಿಗೆ ಸರಿಯುವ ಬಾಗಿಲು. ನೋಡಿ ಮುಗಿದ ಮೇಲೆ ಬಾಗಿಲೆಳೆದು, ಮೇಲೊಂದು ಕಸೂತಿ ಬಟ್ಟೆ ಹೊದೆಸುವುದು ಕ್ರಮ. ಈಗ ಟಿ.ವಿ. ಗೋಡೆಗೆ ತೂಗುಹಾಕಿದ ಚಿತ್ರಪಟದಷ್ಟು ತೆಳ್ಳಗಾಗಿದೆ; ಬೆಳೆದದ್ದು ಅದರ ಪರಿವಾರ. ಸೆಟ್‌ಟಾಪ್ ಬಾಕ್ಸ್, ಆಂಪ್ಲಿಫಯರ್, ಇಂಟರ್‌ನೆಟ್ಟಿನ ರೌಟರ್, ಇವುಗಳ ಹಿಂದೆ ಸಿಕ್ಕುಬಿದ್ದ ವಯರುಗಳ ಜಡೆ. ಇವನ್ನೆಲ್ಲ ನಡುಮನೆಯ ಒಂದು ಗೋಡೆ ಕಪಾಟಿಗೋ ಮೆಟ್ಟಿಲಿನ ಅಡಿಗೋ ಸೇರಿಸಿ ಬಾಗಿಲು ಹಾಕಿಬಿಟ್ಟರೆ ಚಾವಡಿ ಚೊಕ್ಕಟವಾಗುತ್ತದಲ್ಲ ಎಂದು ಮನೆ ಕಟ್ಟಿಸುವವರು ಕೇಳುತ್ತಾರೆ. ಧಾರಾಳವಾಗಿ ಮಾಡಬಹುದು. ಆದರೆ ಬಡಗಿಗೆ ಅಳತೆ ಕೊಡುವ ಮೊದಲು ಯೋಚಿಸಬೇಕಾದ ಸಂಗತಿಗಳಿವೆ.

ಮೊದಲನೆಯದು ಬಿಸಿ. ರಿಮೋಟಿನಲ್ಲಿ ಆರಿಸಿದರೂ ಸೆಟ್‌ಟಾಪ್ ಬಾಕ್ಸ್ ಪೂರ್ತಿ ಮಲಗುವುದಿಲ್ಲ. ಅದು ಸದಾ 12 ವ್ಯಾಟ್ ಎಳೆಯುತ್ತದೆಂದು ಇಟ್ಟುಕೊಳ್ಳಿ. ವರ್ಷಕ್ಕೆ 105 ಯೂನಿಟ್ ಆಯಿತು. ಆ ವಿದ್ಯುತ್ತೆಲ್ಲ ಕೊನೆಗೆ ಬಿಸಿಯಾಗಿ ಕಪಾಟಿನೊಳಗೇ ಉಳಿಯುತ್ತದೆ. ಆಂಪ್ಲಿಫಯರಿನದು ಇದರ ಹಲವು ಪಟ್ಟು. ಇಂತಹ ಹೆಚ್ಚಿನ ಯಂತ್ರಗಳನ್ನು ಸುತ್ತಲಿನ ಗಾಳಿ 40 ಡಿಗ್ರಿ ಮೀರದಿರಲಿ ಎಂಬ ಲೆಕ್ಕದಲ್ಲಿ ಮಾಡಿರುತ್ತಾರೆ. ಮೇ ತಿಂಗಳಲ್ಲಿ ಕಾಸರಗೋಡಿನ ಚಾವಡಿಯೇ 34-35 ಡಿಗ್ರಿ ಇರುವಾಗ, ಮುಚ್ಚಿದ ಕಪಾಟಿಗೆ ಉಳಿಯುವುದು ಐದಾರು ಡಿಗ್ರಿಯ ಅವಕಾಶ ಮಾತ್ರ. ಒಳಗಿನ ಕೆಪಾಸಿಟರುಗಳ ಆಯುಸ್ಸು, ಹತ್ತು ಡಿಗ್ರಿ ಬಿಸಿ ಏರಿದಾಗಲೆಲ್ಲ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಆದ್ದರಿಂದ ಕಪಾಟಿನ ತಳದಲ್ಲೊಂದು, ನೆತ್ತಿಯಲ್ಲೊಂದು ಗಾಳಿಕಿಂಡಿ ಬೇಕು. ಕೆಳಗಿನಿಂದ ತಣ್ಣಗಿನ ಗಾಳಿ ಬಂದು ಮೇಲಿನಿಂದ ಬಿಸಿಗಾಳಿ ತಾನೇ ಹೋಗುತ್ತದೆ. ಒಂದೇ ಕಿಂಡಿಯಿದ್ದರೆ ಈ ಓಡಾಟ ನಡೆಯದು. ಕಿಂಡಿಗೆ ಸಣ್ಣ ಕಣ್ಣಿನ ಬಲೆ ಹೊಡೆಸಿ. ಬೆಚ್ಚಗಿನ ಜಾಗವೆಂದರೆ ಹಲ್ಲಿಗೂ ಇಲಿಗೂ ತವರುಮನೆ.

ಎರಡನೆಯದು ರಿಮೋಟು. ಅದರಿಂದ ಹೊರಡುವುದು ಕಣ್ಣಿಗೆ ಕಾಣದ ಅವಕೆಂಪು ಬೆಳಕು. ಬೆಳಕಾದ್ದರಿಂದ ಮರವನ್ನು ದಾಟಲಾರದು, ಗಾಜನ್ನು ದಾಟೀತು. ಗಾಜಿನ ಬಾಗಿಲು ಬೇಡವೆಂದರೆ ‘ರಿಪೀಟರ್’ ಎಂಬ ಸಣ್ಣ ಸಲಕರಣೆಯಿದೆ. ಅದರ ಕಣ್ಣನ್ನು ಟಿ.ವಿ.ಯ ಬಳಿ ಅಂಟಿಸುತ್ತಾರೆ. ಅಲ್ಲಿಂದ ಒಂದು ತೆಳು ವಯರು ಕಪಾಟಿನೊಳಗೆ ಹೋಗಿ, ಬಾಕ್ಸಿನ ಮುಂದೆ ಅದೇ ಬೆಳಕನ್ನು ಮತ್ತೆ ಮಿಣುಕಿಸುತ್ತದೆ.

ಇಲ್ಲಿ ನಮ್ಮಂತಹ ಎರಡು ಭಾಷೆಯ ಮನೆಗಳಿಗೊಂದು ತೊಡಕು. ಕಪಾಟಿನಲ್ಲಿ ಒಂದೇ ಬಾಕ್ಸಿಟ್ಟು ಅದರಿಂದ ಎರಡು ಟಿ.ವಿ.ಗೆ ವಯರು ಎಳೆದರೆ ಎರಡರಲ್ಲೂ ಬರುವುದು ಒಂದೇ ಚಾನೆಲ್. ಅಜ್ಜನಿಗೆ ಚಾವಡಿಯಲ್ಲಿ ಕನ್ನಡ ವಾರ್ತೆ ಬೇಕು, ಒಳಕೋಣೆಯಲ್ಲಿ ಮಲಯಾಳ ಧಾರಾವಾಹಿ ಬೇಕು ಎಂದರೆ ಬಾಕ್ಸು ಎರಡಾಗಲೇಬೇಕು. ಎರಡೂ ಒಂದೇ ಕಂಪೆನಿಯವಾದರೆ ಒಂದು ರಿಮೋಟಿನ ಮಾತನ್ನು ಎರಡೂ ಕೇಳಿ, ವಾರ್ತೆ ನಡುವೆಯೇ ಮಾಯವಾಗುವುದುಂಟು. ಆಗ ಪ್ರತಿ ಬಾಕ್ಸಿನ ಕಣ್ಣಿಗೂ ಅದರದೇ ಮಿಣುಕುದೀಪ ಅಂಟಿಸಿ, ಹೊರಬೆಳಕು ತಾಗದಂತೆ ಕಪ್ಪು ಟೇಪು ಹಾಕಿಸಿ.

ವಯರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಚಿತ್ರ ಒಯ್ಯುವ ಸಾಧಾರಣ ಎಚ್.ಡಿ.ಎಂ.ಐ. ವಯರು ಹತ್ತು ಮೀಟರಿಗಿಂತ ಉದ್ದವಾದರೆ ನೆಚ್ಚುವಂತಿಲ್ಲ. ಕಪಾಟು ಮನೆಯ ನಡುವಿನಲ್ಲಿರಲಿ ಎನ್ನುವುದು ಇದಕ್ಕೇ. ಕರೆಂಟಿನ ವಯರನ್ನೂ ಇದನ್ನೂ ಒಂದೇ ಪೈಪಿನಲ್ಲಿ ಎಳೆಸಬೇಡಿ. ಪೈಪಿನೊಳಗೆ ಒಂದು ನೈಲಾನ್ ಹಗ್ಗ ಬಿಟ್ಟಿರಲಿ, ನಾಳೆ ಹೊಸ ವಯರು ಎಳೆಯಲು ಗೋಡೆ ಒಡೆಯಬೇಕಾಗಿಲ್ಲ. ರೌಟರನ್ನು ಮಾತ್ರ ಕಪಾಟಿನ ಹೊರಗೇ ಇಡುವುದು ಮೇಲು. ದಪ್ಪ ಮುರಕಲ್ಲಿನ ಗೋಡೆ ದಾಟಲು ಅದರ ಅಲೆಗಳಿಗೆ ಮೊದಲೇ ಕಷ್ಟ; ಉಕ್ಕಿನ ಕಪಾಟಿನೊಳಗಿಟ್ಟರಂತೂ ಮುಗಿಯಿತು.

ಜಾಗ ಇದೆಯಲ್ಲ ಎಂದು ಇನ್ವರ್ಟರಿನ ನೀರು ಹಾಕುವ ಬ್ಯಾಟರಿಯನ್ನೂ ಅಲ್ಲೇ ತುರುಕುವವರಿದ್ದಾರೆ. ಇದನ್ನು ಖಂಡಿತ ಮಾಡಬಾರದು. ಚಾರ್ಜ್ ಆಗುವಾಗ ಅದರಿಂದ ಹೈಡ್ರೋಜನ್ ಅನಿಲ ಹೊರಡುತ್ತದೆ. ಗಾಳಿಯಲ್ಲಿ ನೂರಕ್ಕೆ 4 ಪಾಲು ಸೇರಿದರೆ ಸಾಕು, ಸ್ವಿಚ್ಚಿನ ಒಂದು ಕಿಡಿಗೆ ಸಿಡಿಯಬಲ್ಲದು. ಬ್ಯಾಟರಿಗೆ ಗಾಳಿಯಾಡುವ ಬೇರೆ ಜಾಗವೇ ಬೇಕು.

ಇನ್ನು ಸಿಡಿಲಿನ ವಿಚಾರ. ನನಗೆ ಎಲ್ಲಕ್ಕಿಂತ ಹೆಚ್ಚಿನ ಅಂಜಿಕೆ ಇದರದೇ. ತುಲಾಮಾಸದ ಸಂಜೆಗಳು ಹೇಗಿರುತ್ತವೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಟಿ.ವಿ. ಪೆಟ್ಟಿಗೆ ಕಣ್ಣೆದುರಿಗಿದ್ದಾಗ ಮೋಡ ಕಟ್ಟಿದೊಡನೆ ಯಾರಾದರೊಬ್ಬರು ಎದ್ದು ಪ್ಲಗ್ಗು ಎಳೆಯುತ್ತಿದ್ದರು. ಕಪಾಟಿನೊಳಗೆ ಸೇರಿದ್ದು ಮರೆತುಹೋಗುತ್ತದೆ. ನೆನಪಾದರೂ ಕತ್ತಲೆಯಲ್ಲಿ ಜಡೆಯೊಳಗೆ ಪ್ಲಗ್ಗು ಹುಡುಕಬೇಕು. ಸ್ವಿಚ್ಚು ಆರಿಸಿದರೆ ಸಾಲದು. ಸ್ವಿಚ್ಚಿನೊಳಗಿನ ಕೆಲವು ಮಿಲಿಮೀಟರಿನ ಸಂದು ಸಿಡಿಲಿಗೆ ಲೆಕ್ಕಕ್ಕಿಲ್ಲ. ಮೇಲಿನ ಡಿಶ್ಶಿನಿಂದ ಬರುವ ತಾಮ್ರದ ವಯರೂ ಅದಕ್ಕೊಂದು ದಾರಿ, ಅದನ್ನೂ ಬಿಚ್ಚಬೇಕು. ಸಿಡಿಲು ಮೋಡದಿಂದ ಹತ್ತು ಕಿಲೋಮೀಟರು ದೂರಕ್ಕೂ ಹೊಡೆಯಬಲ್ಲದು. ಗುಡುಗು ಕೇಳಿಸಿತೆಂದರೆ ನಾವು ಅದರ ಎಟುಕಿನಲ್ಲಿದ್ದೇವೆ, ಆಮೇಲೆ ವಯರು ಮುಟ್ಟಬಾರದು. ಮೋಡ ಕಟ್ಟುವಾಗಲೇ ಕೆಲಸ ಮುಗಿಯಬೇಕು.

ಅದಕ್ಕಾಗಿ ಕಪಾಟಿಗೆ ಹೋಗುವ ಕರೆಂಟಿಗೆಲ್ಲ ಒಂದೇ ಪ್ಲಗ್ಗು ಮಾಡಿಸಿ, ಅದನ್ನು ಹೊರಗಿನ ಗೋಡೆಯಲ್ಲಿ, ಅಜ್ಜಿಗೂ ಎಟಕುವ ಎತ್ತರದಲ್ಲಿ ಇಡಿಸಿ. ಡಿಶ್ಶಿನ ವಯರಿನ ಜೋಡಣೆಯೂ ಅದರ ಪಕ್ಕದಲ್ಲೇ ಬರಲಿ. ಮೇಲೊಂದು ಚೀಟಿ ಅಂಟಿಸಿ: ಕನ್ನಡದಲ್ಲಿ ‘ಸಿಡಿಲು’ ಎಂದು, ಕೆಳಗೆ ಮಲಯಾಳ ಲಿಪಿಯಲ್ಲಿ ‘ಇಡಿಮಿನ್ನಲ್’ ಎಂದು. ಮಲಯಾಳ ಶಾಲೆಗೆ ಹೋಗುವ ಮೊಮ್ಮಗಳು ಒಬ್ಬಳೇ ಮನೆಯಲ್ಲಿರುವ ಸಂಜೆಯೂ ಬರಬಹುದು.